ಕುರ್ಚಿಯವರು

ಮಾರ್ಚ್ 4, ಮಂಗಳವಾರ

‘ನೀವು ಹೋದ ಮೇಲೂ ನಿಮ್ಮ ಕುರ್ಚಿ ಒರೆಸುತ್ತೇನೆ.’ ಹೀಗಿತ್ತೇ ಆ ಸಾಲು, ಅಥವಾ ‘ಒರೆಸಿಡುತ್ತೇನೆ’ ಎಂದಿತ್ತೇ? ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಿಗೆ ಬಂತು, ಬಂದದ್ದು ಹೋಗಲಿಲ್ಲ. ಎಂ.ಎ. ಓದುವಾಗ ಯಾವುದೋ ಸಂಕಲನದಲ್ಲಿ, ಬಲಗಡೆಯ ಪುಟದ ಕೊನೆಯಲ್ಲಿ ಓದಿದ್ದು ಎಂದುಕೊಂಡೆ. ಆಫೀಸಿಗೆ ಹೊರಡುವ ಮೊದಲು ಕಪಾಟಿನ ಎರಡು ಸಾಲು ಪುಸ್ತಕ ಕೆಳಗಿಳಿಸಿ ಹುಡುಕಿದೆ. ಇಲ್ಲ. ಕವಿಯಾದವನು ಕುರ್ಚಿ ಒರೆಸುವ ಮಾತನ್ನು ಇಷ್ಟು ಸಲೀಸಾಗಿ ಬರೆದಾನೇ ಎಂಬ ಅನುಮಾನವೂ ಬಂತು.

ಮಧ್ಯಾಹ್ನ ತಂಗಿಯ ಮಗಳು ಫೋನಿಗೆ ಒಂದು ಫೋಟೋ ಕಳಿಸಿದಳು. ಕಪ್ಪು ಟೀ ಶರ್ಟು, ಅದರ ಬೆನ್ನ ಮೇಲೆ ಬಿಳಿ ಅಕ್ಷರದಲ್ಲಿ ಅದೇ ಸಾಲು. ‘ದೊಡ್ಡಮ್ಮ, ನಮ್ಮ ಗುಂಪಿನವರು ಮಾಡಿಸಿದ್ದು. ಹೇಗಿದೆ?’

ಆಗ ಹೊಳೆಯಿತು. ಅದು ಯಾವ ಕವಿಯದ್ದೂ ಅಲ್ಲ. ಮೂರು ವರ್ಷದ ಹಿಂದೆ ನಾನೇ ಬರೆದದ್ದು.

‘ಹದಿನಾರನೇ ಮೈಲಿ’ ಎಂಬ ಪರಭಾಷೆಯ ಧಾರಾವಾಹಿಗೆ ಸಬ್‌ಟೈಟಲ್ ಮಾಡುತ್ತಿದ್ದ ಕಾಲ. ಒಂದು ಸಣ್ಣ ರೈಲು ನಿಲ್ದಾಣ, ಅಲ್ಲೊಬ್ಬಳು ಸ್ಟೇಷನ್ ಮಾಸ್ಟರ್, ಆ ಮಾರ್ಗವನ್ನು ಮುಚ್ಚಲು ಬಂದ ಒಬ್ಬ ಇಂಜಿನಿಯರ್. ಅವನು ದಿನವೂ ಕಾಯುವ ಕೋಣೆಯ ಒಂದೇ ಕುರ್ಚಿಯಲ್ಲಿ ಕೂತು ಕಾಗದಪತ್ರ ನೋಡುತ್ತಾನೆ. ಹತ್ತನೇ ಕಂತಿನಲ್ಲಿ ಹೊರಟು ನಿಲ್ಲುತ್ತಾನೆ. ಅವಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ‘ಹೊರಡಿ’ ಎನ್ನುತ್ತಾಳೆ. ಆಮೇಲೆ ಆರು ಸೆಕೆಂಡು ಏನೂ ಇಲ್ಲ. ಬೆನ್ನು ಮಾತ್ರ.

ಕೊನೆಯ ಸುತ್ತಿನ ತಿದ್ದುಪಡಿಗೆ ನಾನು ‘ಗಡಿಯಾರ’ದ ಪಕ್ಕ ಕೂತಿದ್ದೆ. ಆಫೀಸಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಹಾಗೇ. ಯಾವ ಮಾತು ಪರದೆಯ ಮೇಲೆ ಯಾವ ಕ್ಷಣಕ್ಕೆ ಬರಬೇಕು, ಯಾವ ಕ್ಷಣಕ್ಕೆ ಹೋಗಬೇಕು ಎಂದು ಕೂರಿಸುವ ಕೆಲಸ ಅವರದು.

“ಇಲ್ಲೊಂದು ಸಾಲು ಹಾಕಿ” ಅಂದೆ.

“ಮೇಡಂ, ಇಲ್ಲಿ ಯಾರೂ ಮಾತಾಡ್ತಿಲ್ಲ.”

“ಅವಳ ಬೆನ್ನು ಮಾತಾಡ್ತಿದೆ.”

ಅವರು ನಕ್ಕರು. “ಸರಿ, ಬೆನ್ನಿಗೆ ಎಷ್ಟು ಸೆಕೆಂಡು ಕೊಡ್ಲಿ?”

“ಆರೂ ಕೊಡಿ.”

ಅದನ್ನು ಅಲ್ಲೇ ಮರೆತಿದ್ದೆ.

ಮಾರ್ಚ್ 9, ಭಾನುವಾರ

ತಂಗಿಯ ಮಗಳು ಬಂದಿದ್ದಳು. ಹತ್ತೊಂಬತ್ತು ವರ್ಷ, ಬಾಯಿ ಮಾತ್ರ ಐವತ್ತರದ್ದು. ಟೀ ಶರ್ಟನ್ನೇ ಹಾಕಿಕೊಂಡು ಬಂದಿದ್ದಳು. ನಾನು ಯಾವ ಧಾರಾವಾಹಿಗೆ ಕೆಲಸ ಮಾಡುತ್ತೇನೆಂದು ಮನೆಯಲ್ಲೂ ಹೇಳುವಂತಿಲ್ಲ, ಕಂಪನಿಯ ಕರಾರು. ಅವಳಿಗೆ ಗೊತ್ತಿಲ್ಲ.

“ಇದರಲ್ಲಿ ಎರಡು ಪಕ್ಷ ಇದೆ ದೊಡ್ಡಮ್ಮ. ಕೊನೇಲಿ ಅವಳು ಮದುವೆ ಆಗೋದು ಡಾಕ್ಟರನ್ನ. ಅದು ಕ್ಯಾನನ್. ಅಂದ್ರೆ ಬರೆದವರೇ ಒಪ್ಪಿದ ಜೋಡಿ. ಅದನ್ನ ಹಿಡ್ಕೊಂಡು ನೇತಾಡೋರು ಡಾಕ್ಟರ್ ಪಕ್ಷ.”

“ನೀನು?”

“ನಾವು ಕುರ್ಚಿಯವರು.”

“ರಾಜಕೀಯದ ಹಾಗೆ ಕೇಳಿಸತ್ತೆ.”

“ಅದಕ್ಕಿಂತ ಜಾಸ್ತಿ ಹೊಡೆದಾಟ ಇದೆ. ಇಂಜಿನಿಯರ್ ಹೋದ ಮೇಲೆ ಏನಾಯ್ತು ಅಂತ ನಾವೇ ಕಥೆ ಬರೀತೀವಿ. ಆರುನೂರು ಕಥೆ ಇದೆ ಈಗ. ನಂದೇ ಏಳು. ಡಾಕ್ಟರ್ ಪಕ್ಷದೋರು ಬಂದು ಇದು ನಡೆದೇ ಇಲ್ಲ ಅಂತಾರೆ. ನಾವು ಆ ಸಾಲು ತೋರಿಸ್ತೀವಿ. ಪ್ರೀತಿ ಇಲ್ಲದೆ ಯಾರಾದ್ರೂ ಹೋದವನ ಕುರ್ಚಿ ಒರೆಸ್ತಾರಾ? ಅಲ್ಲಿಗೆ ಅವರ ಬಾಯಿ ಬಂದ್.”

ಅವಳು ಹೋದ ಮೇಲೆ ಒಬ್ಬಳೇ ನಕ್ಕೆ. ಸತ್ತವರ ಪದ್ಯವನ್ನು ಹೊತ್ತುಕೊಂಡು ಮೂವತ್ತು ವರ್ಷ ತಿರುಗಿದ ನನ್ನಂಥವಳು, ಇಲ್ಲದ ಗಂಡಿಗೆ ಇಲ್ಲದ ಹೆಣ್ಣನ್ನು ಗಂಟು ಹಾಕಲು ಆರುನೂರು ಕಥೆ ಬರೆಯುವವರನ್ನು ಕಂಡು ನಗುವುದು ಎಷ್ಟು ಸರಿಯೋ.

ಮಾರ್ಚ್ 12, ಬುಧವಾರ

ಅವರ ಕಥೆಗಳನ್ನು ಓದಿ ನೋಡಿದೆ. ಬಾಲಿಶ. ಎಲ್ಲರ ಕಣ್ಣೂ ಪ್ರತಿ ಪ್ಯಾರಾದಲ್ಲಿ ತುಂಬಿಕೊಳ್ಳುತ್ತದೆ. ಇಂಜಿನಿಯರ್ ಒಂದು ಕಥೆಯಲ್ಲಿ ಕೊಳಲು ಊದುತ್ತಾನೆ, ಇನ್ನೊಂದರಲ್ಲಿ ಕುರುಡನಾಗುತ್ತಾನೆ. ವಾಕ್ಯ ಕಟ್ಟಲು ಬರುವವರು ನೂರಕ್ಕೆ ಮೂವರು.

ನಲವತ್ತೊಂದು ಓದಿದೆ.

ಮಾರ್ಚ್ 15, ಶನಿವಾರ

ಗುಂಪಿಗೆ ಸೇರಿದೆ. ಹೆಸರು ಕೇಳಿತು. ‘ಒರೆಸುಬಟ್ಟೆ’ ಎಂದು ಕೊಟ್ಟೆ. ಸುಮ್ಮನೆ ನೋಡಲು ಮಾತ್ರ.

ಮಾರ್ಚ್ 20, ಗುರುವಾರ

ಆಫೀಸಿನಲ್ಲಿ ಒಂದು ಅಡುಗೆ ಕಾರ್ಯಕ್ರಮದ ಹನ್ನೆರಡು ಕಂತು ಬಾಕಿ ಇವೆ. ‘ಚೆನ್ನಾಗಿ ಕಲಸಿ’ ಎಂದು ಇವತ್ತು ನೂರು ಸಲ ಬರೆದಿರಬೇಕು. ಊಟದ ಹೊತ್ತಿನಲ್ಲಿ ಗುಂಪು ತೆರೆದರೆ ಡಾಕ್ಟರ್ ಪಕ್ಷದ ‘ಸ್ಟೆತಸ್ಕೋಪು’ ಎಂಬವರು ಬರೆದಿದ್ದರು: ‘ಕುರ್ಚಿ ಒರೆಸುವುದು ಆಕೆಯ ಕೆಲಸ. ಸರ್ಕಾರಿ ಕುರ್ಚಿ. ಅದರಲ್ಲಿ ಪ್ರೇಮ ಹುಡುಕುವವರು ನಿಲ್ದಾಣದ ಕಸಬರಿಗೆಗೂ ಮದುವೆ ಮಾಡಿಸಿಯಾರು.’ ಅದಕ್ಕೆ ಎಂಬತ್ತು ಜನ ನಕ್ಕಿದ್ದರು.

ನನಗೆ ಸಿಟ್ಟು ಬಂದದ್ದು ಯಾಕೆಂದು ತಿಳಿಯದು. ಉತ್ತರ ಬರೆದೆ. ಹೇಳುವವಳ ಮುಖ ಕಾಣದ ಕಡೆ ಬಂದ ಮಾತು ಅದು, ಮುಖ ಕೊಟ್ಟು ಹೇಳಲಾಗದ್ದನ್ನೇ ಮನುಷ್ಯರು ಬೆನ್ನು ತಿರುಗಿಸಿ ಹೇಳುವುದು. ಸರ್ಕಾರಿ ಕುರ್ಚಿಯಾದರೆ ‘ನಿಮ್ಮ ಕುರ್ಚಿ’ ಎಂದು ಏಕೆ ಹೇಳುತ್ತಾಳೆ, ಎಂದೆಲ್ಲ. ಮೂರು ಗಂಟೆಯೊಳಗೆ ಇನ್ನೂರು ಜನ ಮೆಚ್ಚಿದರು. ‘ಯಾರಪ್ಪಾ ಈ ಒರೆಸುಬಟ್ಟೆ, ಗುರುವೇ’ ಎಂದು ಒಬ್ಬರು. ನನ್ನ ಎಂ.ಎ. ಪ್ರಬಂಧವನ್ನು ಓದಿದವರು ಒಟ್ಟು ಇಬ್ಬರು. ಅದರಲ್ಲಿ ಒಬ್ಬರು ಟೈಪಿಸ್ಟ್.

ಗಡಿಯಾರ ಬಾಗಿ ನೋಡಿ, “ಏನ್ ಮೇಡಂ, ಅಡುಗೆ ಕಾರ್ಯಕ್ರಮಕ್ಕೆ ಇಷ್ಟೊಂದು ನಗ್ತಿದೀರಿ” ಅಂದರು. ಸ್ಕ್ರೀನು ಮುಚ್ಚಿದೆ.

ಮಾರ್ಚ್ 22, ಶನಿವಾರ

ಒಂದು ವಿಷಯ ಇಲ್ಲಿ ಮಾತ್ರ ಬರೆದಿಡಬೇಕು. ಆ ಸಾಲು ಬರೆದ ತಿಂಗಳು ಅಪ್ಪ ತೀರಿಕೊಂಡಿದ್ದರು. ಅವರ ಬೆತ್ತದ ಕುರ್ಚಿಯನ್ನು ನಾನು ದಿನಾ ಒರೆಸುತ್ತಿದ್ದೆ. ಒಂದು ದಿನ ತಂಗಿ ಬಂದು, ಮನೆ ಇಕ್ಕಟ್ಟಾಯಿತು ಎಂದು ಅದನ್ನು ಯಾರಿಗೋ ಕೊಟ್ಟಳು. ಮರುದಿನ ಆಫೀಸಿಗೆ ಹೋಗಿ ಆ ಆರು ಸೆಕೆಂಡು ತುಂಬಿಸಿದೆ.

ಇಂಜಿನಿಯರೂ ಇಲ್ಲ, ಡಾಕ್ಟರೂ ಇಲ್ಲ. ಆರುನೂರು ಕಥೆಗಳು ನನ್ನ ಅಪ್ಪನ ಕುರ್ಚಿಯ ಮೇಲೆ ನಿಂತಿವೆ.

ಹಾಗೆಂದು ಈಗ ಅದು ಇಂಜಿನಿಯರನದ್ದಲ್ಲ ಎಂದು ಹೇಳಲೂ ಮನಸ್ಸಾಗುತ್ತಿಲ್ಲ.

ಮಾರ್ಚ್ 25, ಮಂಗಳವಾರ

ಕುರ್ಚಿಯವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು. ಧಾರಾವಾಹಿ ಬರೆದಾಕೆ ಅಂತರ್ಜಾಲದಲ್ಲಿ ಪ್ರೇಕ್ಷಕರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾಗ ನಮ್ಮವನೊಬ್ಬ ಕೇಳಿದ: ಕುರ್ಚಿಯ ಮಾತಿನ ಅರ್ಥವೇನು? ಆಕೆಗೆ ಪ್ರಶ್ನೆಯೇ ತಿಳಿಯಲಿಲ್ಲ. ಮತ್ತೆ ಕೇಳಿದರು. “ಅಂಥ ಮಾತು ನಾನು ಬರೆದಿಲ್ಲ. ಅಲ್ಲಿ ಅವಳು ಸುಮ್ಮನಿರುತ್ತಾಳೆ. ಅವಳಿಗೆ ಹೇಳಲು ಏನೂ ಉಳಿದಿರುವುದಿಲ್ಲ” ಅಂದಳು.

ಬೇರೆ ಯಾವ ಭಾಷೆಯಲ್ಲೂ ಆ ಸಾಲಿಲ್ಲ ಎಂದು ಸಂಜೆಯೊಳಗೆ ಡಾಕ್ಟರ್ ಪಕ್ಷ ಪತ್ತೆ ಹಚ್ಚಿತು. ಜಗತ್ತಿನಲ್ಲಿ ಕುರ್ಚಿಯವರು ಇರುವುದು ನಮ್ಮ ಭಾಷೆಯಲ್ಲಿ ಮಾತ್ರ. ‘ನಿಮ್ಮ ಕುರ್ಚಿಗೆ ಕಾಲೇ ಇಲ್ಲವಲ್ಲ’ ಎಂದು ಸ್ಟೆತಸ್ಕೋಪು.

‘ಆಕೆ ಬರೆದಿಲ್ಲ ಎಂದ ಮಾತ್ರಕ್ಕೆ ಅವಳು ಹೇಳಿಲ್ಲ ಎಂದಲ್ಲ’ ಎಂದು ಬರೆದೆ. ಕಾಗುಣಿತ ಎರಡು ಕಡೆ ತಪ್ಪಿತು. ಸಿಟ್ಟಿಗೇ ಇರಬೇಕು.

ಮಾರ್ಚ್ 26, ಬುಧವಾರ

ಮ್ಯಾನೇಜರ್ ಎಲ್ಲರನ್ನೂ ಕರೆದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಕೂರಲು ಹೇಳುವಾಗಲೂ ಕೈಯ ವಾಚು ನೋಡಿಕೊಳ್ಳುತ್ತಾಳೆ. ಧಾರಾವಾಹಿಯವರಿಂದ ಪತ್ರ ಬಂದಿದೆ. ಇಲ್ಲದ ಮಾತನ್ನು ಸೇರಿಸಿದವರು ಯಾರೆಂದು ಹತ್ತು ದಿನದಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನ ಕೆಲಸ ನಮಗಿಲ್ಲ.

ಕಂಪ್ಯೂಟರಿನಲ್ಲಿ ಪ್ರತಿ ಸಾಲಿನ ಪಕ್ಕವೂ ಅದನ್ನು ಹಾಕಿದವರ ಲಾಗಿನ್ ಉಳಿಯುತ್ತದೆ. ನಾನು ಕಳಿಸಿದ ಅನುವಾದದಲ್ಲಿ ಆ ಸಾಲಿಲ್ಲ. ಕೊನೆಯ ಸುತ್ತಿನಲ್ಲಿ ಸೇರಿದ್ದು. ಲಾಗಿನ್ ಗಡಿಯಾರದ್ದು.

“ಇದು ನೀವು ಹಾಕಿದ್ದಾ?” ಎಂದು ಮ್ಯಾನೇಜರ್ ಕೇಳಿದಳು.

ಅವರು ನನ್ನ ಕಡೆ ನೋಡಿದರು. ಬಹಳ ಹೊತ್ತೇನಲ್ಲ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ.

“ಹೌದು. ಹಾಕಿದ್ದು ನಾನೇ.”

ಅದು ನಿಜ ತಾನೆ. ಹಾಕಿದ್ದು ಅವರೇ.

ಮಾರ್ಚ್ 28, ಶುಕ್ರವಾರ

ಮ್ಯಾನೇಜರ್ ನನ್ನನ್ನು ಒಬ್ಬಳನ್ನೇ ಕರೆದಳು. ಬಾಗಿಲು ಹಾಕಿ, ಧ್ವನಿ ಇಳಿಸಿ ಕೇಳಿದಳು. “ನೀವು ಹಿರಿಯರು, ಅವರ ಪಕ್ಕದಲ್ಲೇ ಕೆಲಸ ಮಾಡಿದೋರು. ಅವರು ಯಾಕೆ ಹೀಗೆ ಮಾಡಿದ್ರು ಅಂತ ಅನ್ಸತ್ತೆ? ಬೇಕಂತ ಮಾಡಿದ್ರೆ ಕೆಲಸದಿಂದ ತೆಗೀಬೇಕಾಗತ್ತೆ.”

ನಾನು ಯೋಚಿಸಿಯೇ ಹೇಳಿದೆ. ಅವರಿಗೆ ಎಡಗಿವಿ ಕೇಳಿಸುವುದಿಲ್ಲ, ನಾಲ್ಕು ವರ್ಷವಾಯಿತು, ಏನೋ ಕೇಳಿಸಿದಂತಾಗಿ ಹಾಕಿರಬಹುದು ಎಂದೆ. ಆ ವಿಷಯ ಆಫೀಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಮ್ಮೆ ಮೆಟ್ಟಿಲ ಮೇಲೆ ನಿಂತು ಅವರೇ ಹೇಳಿಕೊಂಡಿದ್ದರು, ಯಾರಿಗೂ ಹೇಳಬೇಡಿ ಎಂದು ಕೈ ಮುಗಿದಿದ್ದರು.

ಅವರ ಒಳ್ಳೆಯದಕ್ಕೇ ಹೇಳಿದ್ದು. ಬೇಕಂತ ಮಾಡಿದವರು ಎನ್ನಿಸಿಕೊಳ್ಳುವುದಕ್ಕಿಂತ ಕಾಯಿಲೆಯವರು ಎನ್ನಿಸಿಕೊಳ್ಳುವುದು ಮೇಲಲ್ಲವೇ? ಮ್ಯಾನೇಜರ್ ಹಗುರಾದವಳಂತೆ ಕಂಡಳು. ಟೀ ತರಿಸಿದಳು.

ಮಾತನ್ನು ಅವರು ಕಿವಿಯಿಂದ ಹಿಡಿಯುವುದೇ ಇಲ್ಲ, ಪರದೆಯ ಕೆಳಗೆ ಓಡುವ ಧ್ವನಿಯ ಗೆರೆ ನೋಡಿ ಹಿಡಿಯುತ್ತಾರೆ. ಮಾತಿದ್ದ ಕಡೆ ಗೆರೆ ಏಳುತ್ತದೆ, ಇಲ್ಲದ ಕಡೆ ಮಲಗುತ್ತದೆ. ಆ ಆರು ಸೆಕೆಂಡು ಗೆರೆ ನೂಲಿನ ಹಾಗೆ ಮಲಗಿತ್ತು. ಅದನ್ನು ಮ್ಯಾನೇಜರ್ ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡುವುದು ಹೇಗೆ?

ಏಪ್ರಿಲ್ 1, ಮಂಗಳವಾರ

ಗಡಿಯಾರದ ಕುರ್ಚಿ ಖಾಲಿ. ‘ವೈದ್ಯಕೀಯ ಕಾರಣ’ ಎಂದು ಮನೆಗೆ ಕಳಿಸಿದ್ದಾರೆ. ಕಿವಿಯ ಪರೀಕ್ಷೆ ಮಾಡಿಸಿ ಚೀಟಿ ತರಬೇಕಂತೆ. ಯಾವ ಡಾಕ್ಟರು ಬರೆದುಕೊಡುತ್ತಾನೆ ಅವರಿಗೆ, ಕಿವಿ ನೆಟ್ಟಗಿದೆ ಎಂದು?

ನಾನೂ ಒಂದು ಕಥೆ ಬರೆಯಲು ತೊಡಗಿದ್ದೇನೆ. ಇಂಜಿನಿಯರ್ ಹನ್ನೊಂದು ವರ್ಷದ ಮೇಲೆ ಬರುತ್ತಾನೆ, ಹಳಿ ಇಲ್ಲ, ನಿಲ್ದಾಣವಿದೆ. ಮೊದಲ ಅಧ್ಯಾಯ ಹಾಕಿದೆ. ಐನೂರು ಜನ ಓದಿದರು. ಕುರ್ಚಿಯವರು ಕಂಗಾಲಾಗಿದ್ದಾರೆ, ಅವರಿಗೆ ಯಾರಾದರೂ ಆಸರೆ ಕೊಡಬೇಕು. ಬೇಗ ಎರಡನೆಯದು ಮುಗಿಸಬೇಕು.

ಏಪ್ರಿಲ್ 5, ಶನಿವಾರ

ನಿನ್ನೆ ಕಂಪನಿ ಹೇಳಿಕೆ ಕೊಟ್ಟಿತು. ‘ಶ್ರವಣದೋಷವುಳ್ಳ ತಾಂತ್ರಿಕ ಸಿಬ್ಬಂದಿಯೊಬ್ಬರಿಂದ ಆದ ಲೋಪ.’ ಆ ಸಾಲನ್ನು ತೆಗೆದುಹಾಕಿದ್ದಾರೆ. ಡಾಕ್ಟರ್ ಪಕ್ಷಕ್ಕೆ ಹಬ್ಬ. ‘ಕಿವುಡನ ಕುರ್ಚಿ’ ಎಂದು ಹೊಸ ಹೆಸರು ಇಟ್ಟಿದ್ದಾರೆ.

ಇವತ್ತು ತಂಗಿಯ ಮಗಳು ಬಂದಳು. ಬೇರೆ ಅಂಗಿ ಹಾಕಿದ್ದಳು.

“ಏಳೂ ಕಥೆ ಅಳಿಸಿಬಿಟ್ಟೆ.”

“ಯಾಕೆ?”

“ಯಾರೋ ಒಬ್ರು ಬೇಕು ಅಂತಲೇ ಬರೆದಿದ್ರು ಅಂದಿದ್ರೆ ಸಾಕಿತ್ತು ದೊಡ್ಡಮ್ಮ. ಕ್ಯಾನನ್ ಅಲ್ಲದೆ ಇದ್ರೂ ಪರವಾಗಿರ್ಲಿಲ್ಲ. ಒಬ್ಬ ಮನುಷ್ಯನಿಗೆ ಹಾಗೆ ಅನ್ನಿಸ್ತಲ್ಲ ಅಂತ ಇಟ್ಕೋತಿದ್ದೆ. ಇದು ಯಾರಿಗೂ ಅನ್ನಿಸಿದ್ದೇ ಅಲ್ವಂತೆ. ಕಿವೀಲಿ ಗುಂಯ್ ಅಂದಿದ್ದಂತೆ. ಅದನ್ನ ಇಟ್ಕೊಂಡು ನಾನು ಮೂರು ವರ್ಷ…” ಮೂಗು ಒರೆಸಿಕೊಂಡಳು. “ಅಜ್ಜ ತೀರ್ಕೊಂಡ ಮೇಲೂ ನಾನು ಅದನ್ನೇ ಓದ್ಕೋತಿದ್ದೆ.”

ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಒಂದೇ ವಾಕ್ಯ. ನಿಮ್ಮ ಅಜ್ಜನದೇ ಕುರ್ಚಿ ಕಣೇ, ಬರೆದವಳು ನಾನು. ಅಷ್ಟು ಹೇಳಿದ್ದರೆ ಅವಳು ತಂಗಿಗೆ ಹೇಳುತ್ತಿದ್ದಳು, ಗುಂಪಿಗೆ ಹೇಳುತ್ತಿದ್ದಳು, ಸೋಮವಾರದ ಹೊತ್ತಿಗೆ ಮ್ಯಾನೇಜರ್‌ಗೆ ಮುಟ್ಟುತ್ತಿತ್ತು.

“ಟೀಗೆ ಸಕ್ಕರೆ ಎಷ್ಟು ಹಾಕ್ಲಿ?” ಎಂದೆ.

“ನಾನು ಸಕ್ಕರೆ ಹಾಕ್ಕೊಳ್ಳಲ್ಲ, ನಿಮಗೆ ಗೊತ್ತಲ್ಲ.”

ಏಪ್ರಿಲ್ 6, ಭಾನುವಾರ

ಇಡೀ ದಿನ ಕೂತು ಗುಂಪಿಗೆ ಒಂದು ದೀರ್ಘ ಬರಹ ಹಾಕಿದೆ. ಸಾಲು ಯಾರಿಂದ ಬಂತು ಎನ್ನುವುದು ಮುಖ್ಯವಲ್ಲ, ಬಂದ ಮೇಲೆ ಅದು ಓದಿದವರದು. ಕಿವುಡನೊಬ್ಬ ಕೇಳಿಸಿಕೊಂಡದ್ದು ನಮಗೆ ಕೇಳಿಸದ ನಿಜ ಇರಬಾರದೇಕೆ, ಎಂದು. ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳಬೇಕು. ಸಾವಿರದ ಇನ್ನೂರು ಜನ. ಸ್ಟೆತಸ್ಕೋಪು ಕೂಡ ‘ಬರವಣಿಗೆಗೆ ನಮಸ್ಕಾರ’ ಎಂದಿದ್ದಾರೆ. ಹಲವರು ಅತ್ತರಂತೆ.

ಗಡಿಯಾರದ ಪರವಾಗಿ ಇಷ್ಟು ಮಾತಾಡಿದವರು ಆ ಗುಂಪಿನಲ್ಲಿ ಬೇರೆ ಯಾರೂ ಇಲ್ಲ.

ಏಪ್ರಿಲ್ 9, ಬುಧವಾರ

ಗಡಿಯಾರ ಎರಡು ಸಲ ಫೋನು ಮಾಡಿದರು. ಮೀಟಿಂಗಿನಲ್ಲಿದ್ದೆ. ಸಂಜೆ ಇನ್ನೊಂದು ಸಲ. ಬಸ್ಸಿನಲ್ಲಿ ಗದ್ದಲ, ಹೇಗೂ ಅವರಿಗೆ ಕೇಳಿಸುತ್ತಿರಲಿಲ್ಲ.

ಏಪ್ರಿಲ್ 10, ಗುರುವಾರ

ಫೋನು.

ಏಪ್ರಿಲ್ 12, ಶನಿವಾರ

ಕಥೆಯ ಕೊನೆಯ ಅಧ್ಯಾಯ. ಮುಂಬಾಗಿಲ ಪಕ್ಕದ ಮೇಜಿನಲ್ಲಿ ಬೆಳಗಿನಿಂದ ಕೂತಿದ್ದೆ. ಅಲ್ಲಿ ಬೆಳಕು ಚೆನ್ನಾಗಿದೆ. ಇಂಜಿನಿಯರ್ ಬಾಗಿಲಲ್ಲಿ ನಿಂತಿದ್ದಾನೆ, ಅವಳು ತಿರುಗುವುದಿಲ್ಲ. ಹನ್ನೊಂದು ವರ್ಷ ಕುರ್ಚಿ ಒರೆಸಿದವಳು ಅವನು ಬಂದಾಗ ತಿರುಗುವುದಿಲ್ಲ, ಏಕೆಂದರೆ ತಿರುಗಿದರೆ ಅವಳಿಗೆ ವಯಸ್ಸಾದದ್ದು ಅವನಿಗೆ ಕಾಣುತ್ತದೆ. ಇದನ್ನು ಬರೆಯುವಾಗ ನನಗೇ ಅಳು ಬಂತು. ಅಪ್ಪ ಹೋದಾಗಲೂ ಇಷ್ಟು ಅತ್ತಿರಲಿಲ್ಲವೇನೋ. ಕಣ್ಣು ಒರೆಸಿಕೊಂಡು ಜೋರಾಗಿ ಟೈಪ್ ಮಾಡುತ್ತಿದ್ದೆ, ಕೀಬೋರ್ಡು ಹಳೆಯದು, ಕುಟ್ಟಿದ ಹಾಗೆ ಸದ್ದು ಮಾಡುತ್ತದೆ.

ನಾಲ್ಕು ಗಂಟೆಗೆ ಬೆಲ್ಲು.

ಎದ್ದು ಬಾಗಿಲ ಕಿಂಡಿಯಲ್ಲಿ ನೋಡಿದೆ. ಗಡಿಯಾರ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಆಸ್ಪತ್ರೆಯ ದೊಡ್ಡ ಲಕೋಟೆ. ಕಿಂಡಿಯಲ್ಲಿ ಮನುಷ್ಯರು ಡೊಂಕಾಗಿ ಕಾಣುತ್ತಾರೆ, ಅವರ ತಲೆ ದೊಡ್ಡದಾಗಿ, ಕಾಲು ಸಣ್ಣದಾಗಿ ಕಂಡವು. ಇನ್ನೊಂದು ಸಲ ಒತ್ತಿದರು. ಆಮೇಲೆ ಬಲಗಿವಿಯನ್ನು ಬಾಗಿಲಿಗೆ ಹತ್ತಿರ ತಂದು ಹಾಗೇ ನಿಂತರು. ನಮ್ಮಿಬ್ಬರ ನಡುವೆ ಒಂದೂವರೆ ಇಂಚಿನ ಹಲಗೆ. ನಾನು ಉಸಿರು ಬಿಡಲಿಲ್ಲ.

ತೆರೆಯಬಾರದು ಎಂದೇನಿರಲಿಲ್ಲ. ಮುಖ ಅತ್ತು ಊದಿಕೊಂಡಿತ್ತು. ಹಾಗೆ ಯಾರ ಮುಂದಾದರೂ ನಿಲ್ಲುವುದು ಹೇಗೆ? ಅಧ್ಯಾಯ ಬೇರೆ ಅರ್ಧಕ್ಕೆ ನಿಂತಿತ್ತು.

ಅವರು ಹೋದರು. ಮೆಟ್ಟಿಲಿಳಿಯುವ ಸದ್ದು ಬರಲಿಲ್ಲ, ಎದುರು ಮನೆಯ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು. ಹತ್ತು ನಿಮಿಷದ ಮೇಲೆ ಮೆಟ್ಟಿಲು. ಕೂತು ಅಧ್ಯಾಯ ಮುಗಿಸಿ ಗುಂಪಿಗೆ ಹಾಕಿದೆ. ಅವಳು ಕೊನೆಗೂ ತಿರುಗುವುದಿಲ್ಲ. ಹಾಗೇ ಸರಿ ಎನ್ನಿಸಿತು.

ಆರು ಗಂಟೆಗೆ ಮತ್ತೆ ಬೆಲ್ಲು. ಕಿಂಡಿಯಲ್ಲಿ ಎದುರು ಮನೆಯ ಟೈಲರಮ್ಮ. ನನ್ನ ರವಿಕೆಗಳೆಲ್ಲ ಹೊಲಿಯುವುದು ಅವಳೇ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದಳು. ತೆರೆದೆ.

“ಮಲಗಿದ್ರಾ ಅಕ್ಕ? ಕಣ್ಣೆಲ್ಲ ಕೆಂಪಗಿದೆ.”

“ಹೂಂ, ತಲೆನೋವು. ಮಧ್ಯಾಹ್ನದಿಂದ ಮಲಗೇ ಇದ್ದೆ.”

“ನಿಮ್ಮ ಆಫೀಸಿನೋರು ಒಬ್ರು ಬಂದಿದ್ರು. ನಮ್ಮನೇಲಿ ಕೂತು ನೀರು ಕುಡಿದು ಹೋದ್ರು. ಪಾಪ, ಒಳ್ಳೆ ಮನುಷ್ಯ.” ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. “ಅಕ್ಕ ಮನೇಲಿಲ್ಲ ಅನ್ಸತ್ತೆ, ಏನಾದ್ರೂ ಹೇಳ್ಬೇಕಾ ಅಂದೆ. ಏನೂ ಬೇಡಮ್ಮ, ಇದ್ದಾರೆ ಅಂದ್ರು. ನಾನು ಬೆಲ್ ಒತ್ತಿದ ಕೂಡ್ಲೇ ಟೈಪ್ ಮಾಡೋದು ನಿಂತು ಹೋಯ್ತು, ನಂಗೆ ಕೇಳಿಸ್ತು ಅಂದ್ರು.”